ಜಿಪ್ಸಿಯ ಹೆಡ್ ಬಿಚ್ಚುವ ಮುಂಚೆ

ಶಿರಸಿ

ಪ್ರೀತಿಯ ಮಾಣಿಗೆ,

ಮಾವನ ಆಶೀರ್ವಾದ. ಇಲ್ಲಿ ಎಲ್ಲರೂ ಆರಾಮ. ನೀನು ಕಾರವಾರದಲ್ಲಿ ಹಳೇ ಮಾರುತಿ ಜಿಪ್ಸಿ ಕಿಂಗ್ ತಗೊಂಡಿದ್ದು, ಅದರ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಬಿಚ್ಚಿ ಪೋರ್ಟ್ (ಅದರೊಳಗಿನ ಗಾಳಿದಾರಿ) ಕೊರೆಸಬೇಕು ಅಂತಿರುವುದು, ಎಲ್ಲ ನಿನ್ನ ಆಯಿ ಹೇಳಿದಳು. ಅವಳಿಗೆ ದುಡ್ಡಿನ ಚಿಂತೆ. ನನಗೆ ಹೆಡ್ಡಿನ ಚಿಂತೆ.

ಮೊದಲು, 16 ವಾಲ್ವಿನ ಹೆಡ್ ತಂದು ಹಾಕುವ ನಿನ್ನ ಆಸೆ (ವಾಲ್ವ್ ಅಂದರೆ ಪೋರ್ಟಿನ ಬಾಯಿ ತೆರೆದು ಮುಚ್ಚುವ ಬಾಗಿಲು). ನಿನ್ನದು 1996ರಲ್ಲಿ ಶುರುವಾದ ಕಾರ್ಬ್ಯುರೇಟರ್ ಮಾಡೆಲ್. 8 ವಾಲ್ವು, 60 ಬಿಎಚ್‌ಪಿ. 2000ದಲ್ಲಿ ಬಂದ ಇಂಜೆಕ್ಷನ್ ಗಾಡಿಗೆ 16 ವಾಲ್ವು, 80. ಆ ಹೆಚ್ಚಿನ 20 ಬರೀ ಹೆಡ್ಡಿಂದ ಬಂದದ್ದಲ್ಲ. ಹೆಡ್ಡಿಗೆ ಗಾಳಿ ತರುವ ಮ್ಯಾನಿಫೋಲ್ಡ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಅದನ್ನು ನಡೆಸುವ ಇಸಿಯು ಕಂಪ್ಯೂಟರ್, ವೈರಿಂಗ್ ಎಲ್ಲ ಸೇರಿ ಬಂದದ್ದು. ಹೆಡ್ ಒಂದನ್ನೇ ತಂದರೆ ಉಳಿದ ಸಾಮಾನು ಹುಡುಕುವುದರಲ್ಲೇ ಮಳೆಗಾಲ ಬಂದುಬಿಡುತ್ತದೆ. ಇಡೀ ಎಂಜಿನ್ನೇ ಬದಲಿಸುವುದಾದರೆ ಆರ್‌ಟಿಒ ಅನುಮತಿ ಮುಂಚೆಯೇ ಬೇಕು. ನನ್ನ ಕೇಳಿದರೆ, ಇರುವ ಹೆಡ್ಡನ್ನೇ ಚೆನ್ನಾಗಿ ಮಾಡಿಸು.

ಆದರೆ ಗಾಳಿ ಒಳಗೆ ಬರುವ ಇನ್‌ಟೇಕ್ ಪೋರ್ಟ್ ಸುಮ್ನೆ ಅಗಲ ಮಾಡಿಸಬೇಡ. ಅಬ್ಬಿ ನೀರು ಕಿರಿದಾದ ಕಾಲುವೆಯಲ್ಲಿ ರಭಸವಾಗಿ ಓಡುತ್ತದೆ, ಹೊಂಡಕ್ಕೆ ಬಿದ್ದ ಕೂಡಲೇ ನಿಧಾನವಾಗುತ್ತದೆ. ಗಾಳಿಯೂ ಹಾಗೇ. ವೇಗ ಇದ್ದರೆ ಪಿಸ್ಟನ್ ಕೆಳಗೆ ಮುಟ್ಟಿ ಮೇಲೆ ಹೊರಟ ಮೇಲೂ, ವಾಲ್ವ್ ಮುಚ್ಚುವವರೆಗೆ, ಗಾಳಿ ತನ್ನ ಓಟಕ್ಕೇ ಒಳಗೆ ನುಗ್ಗುತ್ತಿರುತ್ತದೆ. ವೇಗ ಹೋದರೆ ಒಳಗೆ ಬಂದದ್ದೂ ವಾಪಸ್ ತಳ್ಳಿಸಿಕೊಳ್ಳುತ್ತದೆ. ಪೆಟ್ರೋಲ್ ಹನಿ ಪೋರ್ಟಿನ ಗೋಡೆಗೆ ಅಂಟುತ್ತದೆ. ದೊಡ್ಡ ಪೋರ್ಟ್ 6000 ಆರ್‌ಪಿಎಂ ಮೇಲೆ ಚೆಂದ. ನೀನು ದೇವಿಮನೆ ಘಟ್ಟ ಹತ್ತುವುದು 3000ದ ಆಸುಪಾಸಿನಲ್ಲಿ, ಎರಡನೇ ಗೇರ್, ಮೂರನೇ ಗೇರ್. ಅಲ್ಲಿ ಎಳೆತ ಸತ್ತರೆ ಮೇಲಿನ ಪವರ್ ಕಟ್ಟಿಕೊಂಡು ಏನು ಮಾಡ್ತೀಯ? ಮೇಲಾಗಿ ಶಿರಸಿ ಸಮುದ್ರದಿಂದ ಸುಮಾರು 600 ಮೀಟರ್ ಎತ್ತರ. ನಿನ್ನ ಕಾರವಾರಕ್ಕಿಂತ ಇಲ್ಲಿ ಗಾಳಿಯೇ ಸ್ವಲ್ಪ ತೆಳು.

ನಿಜವಾದ ಲಾಭ ಇರುವುದು ವಾಲ್ವಿನ ಬುಡದಲ್ಲಿ. ವಾಲ್ವ್ ಕೂರುವ ಸೀಟಿಗೆ ಬರೀ 45 ಡಿಗ್ರಿ ಹೊಡೆಸಿ ಬಿಡಬೇಡ. ಮೇಲೆ 30, ಕೆಳಗೆ 60, ಹೀಗೆ ಮೂರು ಕೋನ ಬರಲಿ. ಸೀಟಿನ ಕೆಳಗಿನ ಗಂಟಲಲ್ಲಿ ಎರಕದ ಏಣು ಇದ್ದರೆ ತೆಗೆಸು. ಗಂಟಲಿನ ಅಗಲ ವಾಲ್ವಿನ ಅಗಲದ ಶೇಕಡಾ 85ರಿಂದ 90ರೊಳಗೆ ಇರಲಿ. ಅದಕ್ಕಿಂತ ಕೊರೆದರೆ ಸೀಟಿಗೆ ಜಾಗವೇ ಉಳಿಯುವುದಿಲ್ಲ. ಪೋರ್ಟ್ ತಿರುಗುವಲ್ಲಿ ಒಳಬದಿಯ ಸಣ್ಣ ತಿರುವು ಇದೆಯಲ್ಲ, ಅಲ್ಲಿ ಗ್ರೈಂಡರ್ ಹಿಡಿಯಲು ಹೊಸಬರಿಗೆ ಬಿಡಲೇಬೇಡ. ಆ ತಿರುವು ಚೂಪಾದರೆ ಗಾಳಿ ಗೋಡೆ ಬಿಟ್ಟು ಹಾರುತ್ತದೆ. ಅಷ್ಟಾದರೆ ಮೊದಲಿದ್ದದ್ದೇ ವಾಸಿ.

ಕನ್ನಡಿ ಪಾಲಿಶ್ ಮಾಡಿಕೊಡ್ತೇವೆ ಅಂತಾರೆ. ಫೋಟೋಕ್ಕೆ ಚೆಂದ, ಅಷ್ಟೇ. ಇನ್‌ಟೇಕಿಗೆ 80 ನಂಬರ್ ಎಮರಿಯ ಒರಟು ಸಾಕು. ಪಾಲಿಶ್ ಹುಚ್ಚು ಇದ್ದರೆ ಎಕ್ಸಾಸ್ಟ್ ಕಡೆ ಮಾಡಿಸು, ಕಾರ್ಬನ್ ಕಡಿಮೆ ಹಿಡಿಯುತ್ತದೆ. ಗ್ಯಾಸ್ಕೆಟ್ ಇಟ್ಟು ಗುರುತು ಹಾಕಿ ಅಷ್ಟೂ ಅಗಲ ಮಾಡುವ ಚಾಳಿಯೂ ಬೇಡ. ಮ್ಯಾನಿಫೋಲ್ಡ್ ಮತ್ತು ಪೋರ್ಟ್ ಕೂಡುವಲ್ಲಿ ಗಾಳಿಗೆ ಎದುರಾಗಿ ಮೆಟ್ಟಿಲು ಇರಬಾರದು. ಅಷ್ಟು ನೋಡಿಕೊಂಡರೆ ಮುಗೀತು.

ಯಾರಾದರೂ ಫ್ಲೋ ಬೆಂಚಿನ (ಪೋರ್ಟಿನಲ್ಲಿ ಎಷ್ಟು ಗಾಳಿ ಹರಿಯುತ್ತದೆ ಅಂತ ಅಳೆಯುವ ಯಂತ್ರ) ಅಂಕಿ ತೋರಿಸಿದರೆ ಎರಡು ಪ್ರಶ್ನೆ ಕೇಳು. ಎಷ್ಟು ಇಂಚು ನೀರಿನ ಒತ್ತಡದಲ್ಲಿ ಅಳೆದದ್ದು? ವಾಲ್ವ್ ಎಷ್ಟು ಎತ್ತಿದಾಗ, ಅಂದರೆ ಎಷ್ಟು ಲಿಫ್ಟಿನಲ್ಲಿ? 28 ಇಂಚಿನ ಅಂಕಿಯನ್ನು 10 ಇಂಚಿನದಕ್ಕೆ ಹೋಲಿಸಲಾಗದು. ನಿನ್ನ ಕ್ಯಾಮ್ ವಾಲ್ವನ್ನು ಎತ್ತುವುದೇ ಇಲ್ಲದ ಎತ್ತರದಲ್ಲಿ ಎಷ್ಟು ಗಾಳಿ ಹರಿದರೇನು?

ಸೆಕೆಂಡ್ ಹ್ಯಾಂಡ್ ಹೆಡ್ ತರುವ ಮನಸ್ಸಿದ್ದರೆ ನೀರಿನ ತೂತುಗಳ ಅಂಚು ನೋಡು. ಕೂಲಂಟ್ ಹಾಕದೆ ಬಾವಿ ನೀರು ಸುರಿದ ಗಾಡಿಗಳಲ್ಲಿ ಅಲ್ಯೂಮಿನಿಯಂ ತಿಂದುಹೋಗಿರುತ್ತದೆ. ಅಂಥದ್ದನ್ನು ಒಳಗಿಂದ ಕೊರೆದರೆ ಗೋಡೆ ತೆಳುವಾಗಿ ಪೋರ್ಟಿಗೇ ನೀರು ಬರುತ್ತದೆ. ಪ್ರೆಶರ್ ಟೆಸ್ಟ್ ಮಾಡಿಸದೆ ದುಡ್ಡು ಕೊಡಬೇಡ.

ಇನ್ನು ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು. ಒಂದು ಸಿಲಿಂಡರಿಗೆ 324 ಸಿಸಿ ಚಿಲ್ಲರೆ. 9ರಿಂದ 10ಕ್ಕೆ ಏರಿಸಲು ಪಿಸ್ಟನ್ ಮೇಲೆ ಉಳಿಯುವ ಜಾಗ (ಚೇಂಬರ್) ನಾಲ್ಕೂವರೆ ಸಿಸಿ ಕಡಿಮೆಯಾದರೆ ಸಾಕು. ಅಂದರೆ ಲೇತಿನವನು ‘ಇನ್ನೊಂಚೂರು’ ಅಂತ ಹೆಡ್ಡಿನ ಅಡಿ ಸವರಿದರೂ ಘಟ್ಟದಲ್ಲಿ ಕಟಕಟ ಬಡಿತ ಶುರು. ಪೋರ್ಟು, ಚೇಂಬರು, ಸೀಟು ಎಲ್ಲ ಕೆಲಸ ಮುಗಿಸಿ, ಸವರುವುದನ್ನು ಕೊನೆಗೆ ಇಟ್ಟುಕೋ. ಸವರುವ ಮುಂಚೆ ವಾಲ್ವ್ ಕೂರಿಸಿ, ಅಕ್ರಿಲಿಕ್ ತುಂಡು ಮುಚ್ಚಿ, ಬ್ಯೂರೆಟ್ಟಿನಿಂದ ದ್ರವ ತುಂಬಿಸಿ ನಾಲ್ಕೂ ಚೇಂಬರ್ ಅಳೆ. ನಾಲ್ಕೂ ಸಮ ಇರಬೇಕು. ಆ ಲೆಕ್ಕ ನನಗೆ ವಾಟ್ಸಾಪ್ ಮಾಡು, ಎಷ್ಟು ಸವರಬೇಕು ಅಂತ ಆಗ ಹೇಳುತ್ತೇನೆ. ಅಲ್ಲಿಯವರೆಗೆ ಹೆಡ್ಡನ್ನು ಲೇತ್ ಅಂಗಡಿಗೆ ಕೊಡಬೇಡ.

ಇಂತಿ ನಿನ್ನ
ಸೋದರಮಾವ