ರೌಟರ್ ನಡುಮನೆಯಲ್ಲಿರಲಿ

ಪ್ರೀತಿಯ ಪುಟ್ಟಿ,

ಶನಿವಾರ ಫೈಬರ್ ಇಂಟರ್ನೆಟ್ ಸಂಪರ್ಕ ಕೊಡಲು ಬರುತ್ತಾರೆ ಎಂದು ಹೇಳಿದೆಯಲ್ಲ, ಆಗಿನಿಂದ ನನಗೆ ಅದೇ ಯೋಚನೆ. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಬರುವವರಿಗೆ ಅದೇ ದಿನ ಇನ್ನೂ ನಾಲ್ಕಾರು ಮನೆ ಮುಗಿಸುವ ಆತುರವಿರುತ್ತದೆ. ತಂತಿ ಬಾಗಿಲ ಪಕ್ಕದಲ್ಲಿ ಒಳಬಂದರೆ ಮನೆಯೊಳಗೆ ವೈಫೈ ಹರಡುವ ರೌಟರನ್ನೂ ಅಲ್ಲೇ ಗೋಡೆಗೆ ಬಡಿದು ಹೊರಡುತ್ತಾರೆ. ಅದಕ್ಕೆ ಒಪ್ಪಬೇಡ.

ಮೈಸೂರಿನ ಆ ಮನೆ ಹಳೆಯದು, ಗೋಡೆಗಳು ದಪ್ಪ. ನೀನು ಕೆಲಸಕ್ಕೆ ಕೂರುವುದು ಕೊನೆಯ ಕೋಣೆಯಲ್ಲಿ. ರೌಟರ್ ಎರಡು ಬಗೆಯ ಅಲೆಗಳನ್ನು ಹೊರಡಿಸುತ್ತದೆ. 2.4 ಗಿಗಾಹರ್ಟ್ಸಿನದು ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ವೇಗ ಕಡಿಮೆ. ಅಕ್ಕಪಕ್ಕದ ಮನೆಗಳವರೂ ಅದರಲ್ಲೇ ನುಗ್ಗಾಡುತ್ತಿರುತ್ತಾರೆ, ಮೈಕ್ರೋವೇವ್ ಒಲೆಯೂ ಹೆಚ್ಚುಕಡಿಮೆ ಅದೇ ಆವರ್ತನದ್ದು. 5 ಗಿಗಾಹರ್ಟ್ಸಿನದು ವೇಗವಾಗಿದೆ, ಆದರೆ ಎರಡು ಇಟ್ಟಿಗೆ ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ಹಾಗಾಗಿ ಫೈಬರ್ ಬಂದು ಸೇರುವ ಪೆಟ್ಟಿಗೆ ಬಾಗಿಲ ಬಳಿಯೇ ಇರಲಿ; ಅಲ್ಲಿಂದ ಸಾಮಾನ್ಯ ನೆಟ್‌ವರ್ಕ್ ಕೇಬಲ್ ಎಳೆದು ನೀನು ಕೊಂಡ ರೌಟರನ್ನು ನಡುಮನೆಯ ಕಪಾಟಿನ ಮೇಲೆ ಇಡು. ಈ ಕೇಬಲ್ 100 ಮೀಟರ್‌ವರೆಗೆ ನಿಶ್ಚಿಂತೆಯಿಂದ ಕೆಲಸ ಮಾಡುತ್ತದೆ. ಕಬ್ಬಿಣದ ಬೀರು ಮತ್ತು ಫ್ರಿಜ್‌ನ ಹಿಂದೆ ಮಾತ್ರ ಇಡಬೇಡ. ತೆಳ್ಳಗಿನ ಫೈಬರನ್ನು ಮೂಲೆಯಲ್ಲಿ ಮಡಚಿ ಮೊಳೆ ಹೊಡೆಯುವುದಕ್ಕೂ ಬಿಡಬೇಡ. ಅದರೊಳಗೆ ಹರಿಯುವುದು ಬೆಳಕು. ಚೂಪಾಗಿ ಬಾಗಿದ ಕಡೆ ಅದು ಸೋರಿಹೋಗುತ್ತದೆ. ಪೆಟ್ಟಿಗೆಯ ಮೇಲೆ ಕೆಂಪು ದೀಪ ಮಿನುಗಿದರೆ ಮೊದಲು ಆ ಎಳೆಯನ್ನೇ ನೋಡು.

ಕೇಬಲಿನ ಒಂದು ತುದಿ ಕಂಪನಿಯವರ ಫೈಬರ್ ಪೆಟ್ಟಿಗೆಯ ಲ್ಯಾನ್ (LAN) ಕಿಂಡಿಗೆ, ಇನ್ನೊಂದು ನಿನ್ನ ರೌಟರಿನಲ್ಲಿ ಹೊರಗಿನ ಸಂಪರ್ಕ ಒಳಬರುವ ವ್ಯಾನ್ (WAN) ಕಿಂಡಿಗೆ. ವ್ಯಾನ್ ಕಿಂಡಿಗೆ ಸಾಮಾನ್ಯವಾಗಿ ಬೇರೆ ಬಣ್ಣ ಕೊಟ್ಟಿರುತ್ತಾರೆ. ಕಂಪನಿಯ ಪೆಟ್ಟಿಗೆಯನ್ನು ಬ್ರಿಜ್ ಮೋಡ್‌ಗೆ, ಅಂದರೆ ಸಂಪರ್ಕವನ್ನು ಸುಮ್ಮನೆ ದಾಟಿಸುವಂತೆ, ಹಾಕಿಕೊಡಲು ಬಂದವರನ್ನು ಕೇಳು. ಇಲ್ಲವಾದರೆ ಎರಡು ಪೆಟ್ಟಿಗೆಗಳೂ ರೌಟರಿನ ಕೆಲಸ ಮಾಡುತ್ತಾ ಕೂರುತ್ತವೆ. ಸಂಪರ್ಕಕ್ಕೆ ಬಳಕೆದಾರರ ಹೆಸರು, ಗುಪ್ತಪದ ಇದ್ದರೆ ಅವರು ಹೊರಡುವ ಮೊದಲೇ ಬರೆದುಕೊ. ಮುಂದೆಂದಾದರೂ ರೀಸೆಟ್ ಗುಂಡಿ ಒತ್ತಬೇಕಾಗಿ ಬಂದರೆ ಅವಿಲ್ಲದೆ ಏನೂ ನಡೆಯುವುದಿಲ್ಲ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯ. ರೌಟರಿಗೆ ಎರಡು ಗುಪ್ತಪದಗಳಿವೆ. ಒಂದು ವೈಫೈಗೆ, ಇನ್ನೊಂದು ರೌಟರಿನ ಒಳಗಿನ ವ್ಯವಸ್ಥೆಗೆ. ಎರಡನೆಯದನ್ನು ಬಹಳ ಜನ ಮುಟ್ಟುವುದೇ ಇಲ್ಲ. ಕಾರ್ಖಾನೆಯಿಂದ ಬಂದ ಗುಪ್ತಪದವನ್ನೇ ಇಟ್ಟುಕೊಳ್ಳುವುದು ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಅಲ್ಲೇ ನೇತುಹಾಕಿದಂತೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಹರಡಿದ್ದು ಹೀಗೆಯೇ. ಅದರ ಬಳಿ ಇದ್ದುದು ಕಾರ್ಖಾನೆಯ ಹೆಸರು ಮತ್ತು ಗುಪ್ತಪದಗಳ ಒಂದು ಚಿಕ್ಕ ಪಟ್ಟಿ, ಅಷ್ಟೇ. ಆ ಪಟ್ಟಿಯಿಂದಲೇ ಲಕ್ಷಗಟ್ಟಲೆ ಕ್ಯಾಮೆರಾ, ರೌಟರುಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅವುಗಳಲ್ಲಿ ಹಲವು ಸೇರಿ ನಡೆಸಿದ ದಾಳಿಗೆ ಅಮೆರಿಕದ ಬಹುಭಾಗದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಸಿಗದೆ ಹೋದವು. ಬ್ರೌಸರಿನಲ್ಲಿ 192.168.0.1 ಅಥವಾ 192.168.1.1 ಎಂದು ಹಾಕಿದರೆ ಒಳಗೆ ಹೋಗಬಹುದು; ನಿನ್ನ ರೌಟರಿನದು ಯಾವುದೆಂದು ಅದರ ಬೆನ್ನ ಮೇಲಿನ ಚೀಟಿಯಲ್ಲಿರುತ್ತದೆ. ಒಳಗೆ ಹೋದ ಕೂಡಲೇ ಆ ಎರಡನೆಯ ಗುಪ್ತಪದವನ್ನು ಬದಲಿಸು.

ವೈಫೈಗೆ ಮೊಬೈಲ್ ಸಂಖ್ಯೆಯನ್ನು ಗುಪ್ತಪದವಾಗಿ ಇಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗೆ ಇದೆ. ನೀನು ಇಡಬೇಡ. ನಮ್ಮ ದೇಶದ ಮೊಬೈಲ್ ಸಂಖ್ಯೆಗಳು 6, 7, 8, 9ರಿಂದ ಶುರುವಾಗುತ್ತವೆ, ಅಂದರೆ ಒಟ್ಟು 400 ಕೋಟಿ ಸಾಧ್ಯತೆಗಳು. ಕೇಳಲು ದೊಡ್ಡದು. ಆದರೆ ಒಂದು ಫೋನು ರೌಟರಿಗೆ ಜೋಡಣೆಯಾಗುವಾಗಿನ ಮಾತುಕತೆಯನ್ನು ಹಿಡಿದಿಟ್ಟುಕೊಂಡರೆ, ಒಳ್ಳೆಯ ಗ್ರಾಫಿಕ್ಸ್ ಕಾರ್ಡಿರುವ ಕಂಪ್ಯೂಟರ್ ಅಷ್ಟನ್ನೂ ಕೆಲವೇ ಗಂಟೆಗಳಲ್ಲಿ ಜಾಲಾಡಿಬಿಡುತ್ತದೆ. ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿ ಬರೆ, ನೆನಪಿಡುವುದೂ ಸುಲಭ. ಭದ್ರತೆಯ ಜಾಗದಲ್ಲಿ ಡಬ್ಲ್ಯುಪಿಎ3 (WPA3) ಎಂಬ ವೈಫೈ ರಕ್ಷಣೆಯ ಹೊಸ ಬಗೆಯನ್ನು ಆಯ್ದುಕೊ. ನಿನ್ನ ಹಳೆಯ ಫೋನು ಸೇರದಿದ್ದರೆ ಡಬ್ಲ್ಯುಪಿಎ2 ಮತ್ತು 3 ಎರಡೂ ಇರುವ ಆಯ್ಕೆ ಸಾಕು. ಗುಪ್ತಪದವಿಲ್ಲದೆ ಗುಂಡಿ ಒತ್ತಿ ಅಥವಾ ಪಿನ್ ಹಾಕಿ ಸೇರಿಕೊಳ್ಳಲು ಬಿಡುವ ಡಬ್ಲ್ಯುಪಿಎಸ್ (WPS) ಎಂಬುದನ್ನು ಆಫ್ ಮಾಡಿಬಿಡು. ಅದರ ಪಿನ್ ಎಂಟು ಅಂಕಿಯದ್ದಾದರೂ ರೌಟರ್ ಅದನ್ನು ಎರಡು ತುಂಡಾಗಿ ಪರೀಕ್ಷಿಸುವುದರಿಂದ ಹೆಚ್ಚೆಂದರೆ 11,000 ಪ್ರಯತ್ನಗಳಲ್ಲಿ ಸಿಕ್ಕಿಬಿಡುತ್ತದೆ. ಮನೆಗೆ ಬಂದ ನೆಂಟರು ವೈಫೈ ಗುಪ್ತಪದ ಕೇಳಿದಾಗ ಇಲ್ಲವೆನ್ನಲು ನಿನಗೆ ಬಾಯಿ ಬರುವುದಿಲ್ಲವೆಂದು ಬಲ್ಲೆ, ಅದಕ್ಕಾಗಿ ಅತಿಥಿ ಜಾಲವನ್ನು (ಗೆಸ್ಟ್ ವೈಫೈ) ಬೇರೆಯಾಗಿ ತೆರೆದಿಡು. ಟಿವಿಯನ್ನೂ ಅದಕ್ಕೇ ಸೇರಿಸು.

ಕರೆಂಟ್ ಹೋದಾಗ ರೌಟರ್ ಒಂದಕ್ಕೇ ಯುಪಿಎಸ್ ಕೊಟ್ಟರೆ ಪ್ರಯೋಜನವಿಲ್ಲ, ಫೈಬರ್ ಪೆಟ್ಟಿಗೆಗೂ ಬೇಕು. ಕೊಳ್ಳುವಾಗ ಎರಡರ ಅಡಾಪ್ಟರಿನ ಮೇಲಿನ ವೋಲ್ಟೇಜ್ ನೋಡಿಕೊಂಡು ಹೋಗು.

ಕೊನೆಗೆ, ಸಂಪರ್ಕ ಕೊಡಲು ಬಂದವರು ಇರುವಾಗಲೇ ಲ್ಯಾಪ್‌ಟಾಪನ್ನು ಕೇಬಲಿನಿಂದ ಜೋಡಿಸಿ ವೇಗ ಪರೀಕ್ಷಿಸು. ನೀನು ಹಣ ಕೊಡುತ್ತಿರುವುದು 200 ಎಂಬಿಪಿಎಸ್‌ಗೆ. 95ರ ಹತ್ತಿರ ನಿಂತುಬಿಟ್ಟರೆ ಕಿಂಡಿ 100 ಎಂಬಿಪಿಎಸ್‌ನದ್ದಿರಬೇಕು, ಇಲ್ಲವೇ ಕೇಬಲಿನ ಎಂಟು ಎಳೆಗಳಲ್ಲಿ ಒಂದು ಕೂಡಿಲ್ಲ. ದೂರವಾಣಿ ಇಲಾಖೆಯಲ್ಲಿ ನಾನು ನೋಡಿದ ದೋಷಗಳಲ್ಲಿ ಬಹುಪಾಲು ಹೀಗೆ ಜೋಡಣೆಯಲ್ಲೇ ಇರುತ್ತಿದ್ದವು. ಅದನ್ನು ಸರಿಪಡಿಸಿಯೇ ಹೋಗಲಿ, ಸಂಕೋಚ ಮಾಡಿಕೊಳ್ಳಬೇಡ.

ಅಪ್ಪ 15 ಮೀಟರ್ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ತಂದಿಟ್ಟಿದ್ದಾರೆ. ಹಪ್ಪಳದ ಡಬ್ಬಿಯ ಜೊತೆಗೆ ಗುರುವಾರದ ಬಸ್ಸಿಗೆ ಹಾಕುತ್ತೇವೆ, ನಿಲ್ದಾಣಕ್ಕೆ ಹೋಗಿ ತೆಗೆದುಕೊ.

ನಿನ್ನ
ಅಮ್ಮ