ಮಹಜರ್‌ಗೆ ನಾವು ಬೇಕು, ಲೆಕ್ಕ ಕೇಳೋಕೆ ಬೇಡವಾ?

ಸಂಪಾದಕರೇ, ನಮಸ್ಕಾರ. ಪೊಲೀಸರನ್ನು ಪ್ರಶ್ನೆ ಕೇಳಲು ಊರಿನವರದ್ದೇ ಒಂದು ಸಲಹಾ ಆಯೋಗ ಬೇಕು ಎಂದು ಹೇಳಲು ಈ ಪತ್ರ.

ಮೂರು ವರ್ಷದ ಹಿಂದೆ ನಮ್ಮ ಬೀದಿಯ ಒಂದು ಮನೆಯಲ್ಲಿ ಕಳ್ಳತನವಾಯಿತು. ಬೆಳಿಗ್ಗೆ ಪೊಲೀಸರು ಬಂದರು, ಬೀಗ ಒಡೆದ ಬಾಗಿಲು ನೋಡಿದರು, ಬೀರು ನೋಡಿದರು. ಆಮೇಲೆ ದಫೇದಾರರು ನನ್ನನ್ನು ಕರೆದು 'ಮೇಷ್ಟ್ರೇ, ಪಂಚರಾಗಿ ಒಂದು ಸಹಿ ಹಾಕ್ಬಿಡಿ' ಎಂದರು. ಸರ್ಕಾರಿ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತನಾದವನು ನಾನು, ಬೀದಿಯಲ್ಲಿ ಒಂಚೂರು ಮರ್ಯಾದೆ ಇದೆ, ಹಾಗಾಗಿ ಇಂಥದ್ದಕ್ಕೆಲ್ಲ ನನ್ನನ್ನೇ ಹಿಡಿಯುತ್ತಾರೆ. ಮಹಜರ್, ಅಂದರೆ ಸ್ಥಳದಲ್ಲಿ ಕಂಡದ್ದನ್ನು ಪಂಚರ, ಅಂದರೆ ಸಾಕ್ಷಿಗಳ, ಎದುರು ಬರೆದ ಕಾಗದ, ಪೂರ್ತಿ ಓದಿ ಸಹಿ ಹಾಕಿದೆ. ಓದಿದ್ದು ಅವರಿಗೆ ಸ್ವಲ್ಪ ಕಿರಿಕಿರಿ ಆಯಿತು, ಅದು ಬೇರೆ ವಿಷಯ.

ಎರಡು ದಿನ ಬಿಟ್ಟು ಅದೇ ಕೇಸಿಗೆ ಪಕ್ಕದ ಬೀದಿಯ ಹುಡುಗನೊಬ್ಬನನ್ನು ಠಾಣೆಗೆ ಕರೆದುಕೊಂಡು ಹೋದರು. ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗ. ರಾತ್ರಿಯಾದರೂ ಬಿಡಲಿಲ್ಲ. ಅವನ ಅಮ್ಮ ನಮ್ಮ ಮನೆ ಬಾಗಿಲಿಗೆ ಬಂದರು, ನಾನು ಅವರ ಜೊತೆ ಠಾಣೆಗೆ ಹೋದೆ. 'ಅರೆಸ್ಟ್ ಮಾಡಿದ್ದರೆ ಮೆಮೊ ಕೊಡಿ ಸಾರ್, ಇಲ್ಲದಿದ್ದರೆ ಹುಡುಗನನ್ನ ಕಳಿಸಿ' ಎಂದೆ. 'ನಿಮಗೇನ್ರೀ ಸಂಬಂಧ? ನೀವ್ಯಾರು ಕೇಳೋಕೆ?' ಎಂದರು. ಎರಡು ದಿನದ ಹಿಂದೆ ಇದೇ ಕೇಸಿಗೆ ನಾನು ಪಂಚ. ಈಗ ನನಗೆ ಏನೂ ಸಂಬಂಧ ಇಲ್ಲ!

ಮಾರನೇ ದಿನ ಮಧ್ಯಾಹ್ನ ಬಿಟ್ಟರು. ಕರೆತಂದಿದ್ದಕ್ಕೂ ಕಾಗದವಿಲ್ಲ, ಕಳಿಸಿದ್ದಕ್ಕೂ ಕಾಗದವಿಲ್ಲ. 'ಜಾಸ್ತಿ ಏನಿಲ್ಲ ಸಾರ್, ಎರಡೇಟು ಅಷ್ಟೇ' ಎಂದ ಹುಡುಗ. ಕಳ್ಳ ಸಿಗಲಿಲ್ಲ, ಕೊನೆಗೆ ಆ ಕೇಸಿಗೆ 'ಸಿ' ರಿಪೋರ್ಟ್ ಹಾಕಿ ಮುಗಿಸಿದರು.

ಆವತ್ತಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ. ಶೋಧ ಮಾಡುವಾಗ ಆ ಜಾಗದ ಸ್ವತಂತ್ರ, ಮರ್ಯಾದಸ್ಥ ನಿವಾಸಿಗಳು ಇಬ್ಬರಾದರೂ ಸಾಕ್ಷಿಯಾಗಿ ಇರಬೇಕು ಎಂದು ಕಾನೂನೇ ಹೇಳುತ್ತದೆ. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಂಧನಕ್ಕೆ ನಿಯಮ ಹಾಕಿದಾಗಲೂ ಅರೆಸ್ಟ್ ಮೆಮೊಗೆ ಮನೆಯವರೊಬ್ಬರ ಅಥವಾ ಆ ಪ್ರದೇಶದ ಮರ್ಯಾದಸ್ಥರೊಬ್ಬರ ಸಹಿ ಬೇಕು ಎಂದಿತು. ಅಂದರೆ ಪೊಲೀಸರ ಕೆಲಸ ನೆಟ್ಟಗೆ ನಡೆಯಿತು ಎನ್ನಲು ಊರಿನವರ ಸಹಿ ಬೇಕು. ನೆಟ್ಟಗೆ ನಡೆಯಿತಾ ಎಂದು ಕೇಳಲು ಮಾತ್ರ ಊರಿನವರಿಗೆ ಜಾಗವಿಲ್ಲ. ಇದು ಯಾವ ನ್ಯಾಯ?

ಬೇರೆ ಕಡೆ ನೋಡಿ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಿಗೆ 2001ರಿಂದ ಎಸ್‌ಡಿಎಂಸಿ, ಅಂದರೆ ಮಕ್ಕಳ ಪೋಷಕರು ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ವಿಜ್ಞಾನಿ ರಾಜಾ ರಾಮಣ್ಣ ಅವರ ಶಿಕ್ಷಣ ಕಾರ್ಯಪಡೆ ಹೇಳಿದ ಮೇಲೆ ಬಂದದ್ದು. ಆಗ ನಾವು ಮೇಷ್ಟ್ರುಗಳೆಲ್ಲ ಗೊಣಗಿದ್ದೆವು, ನಾನಂತೂ ಜಾಸ್ತಿಯೇ ಗೊಣಗಿದ್ದೆ. ಕೂಲಿ ಮಾಡುವವರು ಬಂದು ನಮ್ಮ ಶಾಲೆಯ ಲೆಕ್ಕ ಕೇಳೋದಾ ಅನ್ನಿಸಿತ್ತು. ಬಂದರು, ಕೇಳಿದರು. ಬಿಸಿಯೂಟದ ಅಕ್ಕಿ ಎಷ್ಟು ಬಂತು, ಆ ಮೇಷ್ಟ್ರು ಶನಿವಾರ ಯಾಕೆ ಬರಲ್ಲ ಎಂದೆಲ್ಲ ಕೇಳಿದರು. ಕೆಲವು ಪ್ರಶ್ನೆ ತಲೆಬುಡ ಇಲ್ಲದವು, ಕೆಲವಕ್ಕೆ ನಮ್ಮ ಹತ್ತಿರ ಉತ್ತರವೇ ಇರಲಿಲ್ಲ. ಆದರೆ ನಾಳೆ ಕೇಳುತ್ತಾರೆ ಅಂತ ಗೊತ್ತಿದ್ದರೆ ಇವತ್ತು ಹಾಜರಿ ಪುಸ್ತಕ ಸರಿಯಾಗಿರುತ್ತದೆ. ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಇದೆ, ಕಾಡಿಗೆ ಗ್ರಾಮ ಅರಣ್ಯ ಸಮಿತಿ ಇದೆ, ಜೈಲಿಗೂ ಹೊರಗಿನ ಸಂದರ್ಶಕರು ಹೋಗಿ ನೋಡಲು ಅವಕಾಶವಿದೆ. ಜೈಲಿಗೇ ಇದೆ, ಠಾಣೆಗೆ ಯಾಕಿಲ್ಲ?

'ಶಾಂತಿ ಸಭೆ ಮಾಡ್ತೀವಲ್ಲ, ಕುಂದುಕೊರತೆ ಸಭೆ ಮಾಡ್ತೀವಲ್ಲ' ಎನ್ನುತ್ತಾರೆ ಪೊಲೀಸರು. ಮಾಡುತ್ತಾರೆ, ಇಲ್ಲ ಎನ್ನಲ್ಲ, ದಲಿತರ ಕುಂದುಕೊರತೆ ಸಭೆಗಳಲ್ಲಿ ನಿಜಕ್ಕೂ ಕೆಲವು ವಿಷಯ ಹೊರಗೆ ಬರುತ್ತವೆ. ಆದರೆ ಸಭೆ ಕರೆಯುವವರು ಅವರೇ, ಯಾರು ಬರಬೇಕು ಎಂದು ಪಟ್ಟಿ ಮಾಡುವವರು ಅವರೇ, ಏನಾಯಿತು ಎಂದು ಬರೆದುಕೊಳ್ಳುವವರೂ ಅವರೇ. ಗಣೇಶ ಹಬ್ಬಕ್ಕೆ ಮುಂಚಿನ ಶಾಂತಿ ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿಯಲ್ಲಿ ಯಾರು ಕೂತಿರುತ್ತಾರೆ ಅಂತ ಒಮ್ಮೆ ನೋಡಿ, ಗಲಾಟೆ ಮಾಡಿಸುವವರೂ ಅಲ್ಲೇ ಇರುತ್ತಾರೆ, ಬಾಯಿ ಬಿಟ್ಟು ಹೇಳೋದು ಬೇಡ.

ಇನ್ನು ಪೊಲೀಸರ ಮೇಲಿನ ದೂರು ಕೇಳುವ ಪೊಲೀಸ್ ದೂರು ಪ್ರಾಧಿಕಾರ. ಉತ್ತರ ಪ್ರದೇಶ, ಅಸ್ಸಾಂಗಳಲ್ಲಿ ಡಿಜಿಪಿ ಆಗಿದ್ದ ಪ್ರಕಾಶ್ ಸಿಂಗ್ ಅವರೇ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಪೊಲೀಸರ ಮೇಲೆ ರಾಜಕಾರಣಿಗಳ ಹಿಡಿತ ತಪ್ಪಿಸಿ ಎಂದು ಕೇಳಿದವರು ಒಬ್ಬ ಪೊಲೀಸ್ ಅಧಿಕಾರಿಯೇ, ಇದನ್ನು ಮರೆಯಬಾರದು. ಹತ್ತು ವರ್ಷದ ಮೇಲೆ, 2006ರ ಸೆಪ್ಟೆಂಬರ್ 22ರಂದು ತೀರ್ಪು ಬಂತು. ಏಳು ನಿರ್ದೇಶನ ಕೊಟ್ಟರು. ಅದರಲ್ಲಿ ಒಂದು, ರಾಜ್ಯ ಮಟ್ಟದಲ್ಲೂ ಜಿಲ್ಲಾ ಮಟ್ಟದಲ್ಲೂ ದೂರು ಪ್ರಾಧಿಕಾರ ಬೇಕು ಎಂಬುದು. ಜಿಲ್ಲೆಯಲ್ಲಿ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅದರ ಮುಖ್ಯಸ್ಥರಾಗಬೇಕು, ಡಿವೈಎಸ್‌ಪಿವರೆಗಿನವರ ಮೇಲಿನ ದೂರು ಅಲ್ಲಿಗೆ, ಎಸ್‌ಪಿ ಮತ್ತು ಮೇಲಿನವರದ್ದು ರಾಜ್ಯ ಪ್ರಾಧಿಕಾರಕ್ಕೆ, ಅವರು ಮಾಡಿದ ಶಿಫಾರಸು ಇಲಾಖೆ ಪಾಲಿಸಲೇಬೇಕು ಎಂದೂ ಕೋರ್ಟು ಹೇಳಿತು. ನಮ್ಮ ರಾಜ್ಯ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಎರಡೂ ಮಟ್ಟದ ಪ್ರಾಧಿಕಾರಕ್ಕೆ ಅವಕಾಶ ಮಾಡಿತು. ಸರಿ. ಈಗ ನಿಮ್ಮ ಓದುಗರನ್ನೇ ಕೇಳುತ್ತೇನೆ, ನಿಮ್ಮ ಜಿಲ್ಲೆಯ ಪ್ರಾಧಿಕಾರದ ಕಚೇರಿ ಎಲ್ಲಿದೆ ಹೇಳಿ ನೋಡೋಣ? ನಾನು ನಮ್ಮ ಬಡಾವಣೆಯಲ್ಲಿ ವಾಕಿಂಗ್ ಹೋಗುವಾಗ ಹತ್ತಾರು ಜನರನ್ನು ಕೇಳಿದೆ. ಒಬ್ಬರು ವಕೀಲರು, ಒಬ್ಬರು ನಿವೃತ್ತ ತಹಶೀಲ್ದಾರರು. ಯಾರೂ ಹೇಳಲಿಲ್ಲ.

ಅದು ಚೆನ್ನಾಗಿ ನಡೆದರೂ ಅದರ ಕೆಲಸವೇ ಬೇರೆ. ಕಸ್ಟಡಿಯಲ್ಲಿ ಸಾವಾದರೆ, ಮೂಳೆ ಮುರಿದರೆ, ಸುಲಿಗೆ ಮಾಡಿದರೆ ಅಲ್ಲಿಗೆ ಹೋಗಬೇಕು. ನಮ್ಮ ಗ್ಯಾರೇಜ್ ಹುಡುಗನ 'ಎರಡೇಟು' ಅಲ್ಲಿಗೆ ಮುಟ್ಟುವುದೇ ಇಲ್ಲ. ಮುಟ್ಟಿಸಲು ಅವನ ಅಮ್ಮ ಒಂದು ದಿನದ ಕೆಲಸ ಬಿಡಬೇಕು, ಅರ್ಜಿ ಬರೆಸಬೇಕು, ಆಮೇಲೆ ಅದೇ ಠಾಣೆಯ ಮುಂದೆ ದಿನಾ ಓಡಾಡಬೇಕು. ಮಾಡ್ತಾರಾ? ಮಾಡಲ್ಲ. ದೂರು ಬಂದಿಲ್ಲ ಅಂದರೆ ತಪ್ಪೇ ನಡೆದಿಲ್ಲ ಎಂದಾಗುತ್ತದೆ.

ಅದಕ್ಕೇ ನಾನು ಕೇಳುತ್ತಿರುವುದು ಇನ್ನೊಂದು, ಸ್ವಲ್ಪ ಕೆಳಗಿನದು. ಪ್ರತಿ ಪೊಲೀಸ್ ಉಪವಿಭಾಗಕ್ಕೆ, ಅಂದರೆ ಒಬ್ಬ ಡಿವೈಎಸ್‌ಪಿ ಕೆಳಗಿನ ಕೆಲವು ಠಾಣೆಗಳಿಗೆ, ಒಂದು ನಾಗರಿಕ ಸಲಹಾ ಆಯೋಗ. ಯಾರನ್ನೂ ಸಸ್ಪೆಂಡ್ ಮಾಡುವ ಅಧಿಕಾರ ಅದಕ್ಕೆ ಬೇಡ, ತನಿಖೆಯಲ್ಲಿ ಕೈ ಹಾಕುವುದಂತೂ ಬೇಡವೇ ಬೇಡ. ಅದು ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಬಾಗಿಲು ತೆರೆದು ಕೂರಲಿ, ಠಾಣೆಯ ದಾಖಲೆ ಪುಸ್ತಕ ನೋಡಲಿ, ಪ್ರಶ್ನೆ ಕೇಳಲಿ. ಎಸ್‌ಪಿ ಕಚೇರಿ ಒಂದು ತಿಂಗಳೊಳಗೆ ಲಿಖಿತ ಉತ್ತರ ಕೊಡಲಿ. ಸಲಹೆ ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಎಂದು ಬರೆಯಲಿ, ಆ ಕಾಗದ ನಿಮ್ಮಂಥ ಪತ್ರಿಕೆಗಳಿಗೂ ಸಿಗಲಿ. ಅಷ್ಟೇ.

ಏನು ಪ್ರಶ್ನೆ ಎಂದರೆ, ಎಷ್ಟೋ ಇವೆ. ಠಾಣೆಗೆ ಬಂದ ಅರ್ಜಿ ಎಷ್ಟು, ಎಫ್‌ಐಆರ್ ಆಗಿದ್ದು ಎಷ್ಟು, ಹಿಂಬರಹ ಕೊಟ್ಟು ಕಳಿಸಿದ್ದು ಎಷ್ಟು, ಏನೂ ಕೊಡದೆ 'ನಾಳೆ ಬನ್ನಿ' ಎಂದದ್ದು ಎಷ್ಟು? ಕೊನೆಯದು ಪುಸ್ತಕದಲ್ಲಿ ಇರಲ್ಲ, ಅದಕ್ಕೇ ಜನ ಬಂದು ಹೇಳುವ ಸಭೆ ಬೇಕು. ಹಳೆಯ ಸಿಆರ್‌ಪಿಸಿ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಬಂಧಿತರ ಹೆಸರು, ವಿಳಾಸ, ಆರೋಪ ಏನೆಂಬುದು ಪ್ರತಿ ಠಾಣೆಯಲ್ಲೂ ಎದ್ದು ಕಾಣುವಂತೆ ಹಾಕಬೇಕು, ಅದಕ್ಕೆ ಎಎಸ್‌ಐಗಿಂತ ಕಡಿಮೆಯಿಲ್ಲದ ಒಬ್ಬ ಅಧಿಕಾರಿ ಜವಾಬ್ದಾರರು. ಆ ಬೋರ್ಡು ಇದೆಯಾ? ಇದ್ದರೆ ಇವತ್ತಿನ ತಾರೀಖು ಇದೆಯಾ, ಹೋದ ವರ್ಷದ್ದಾ? ಇಂಥದ್ದನ್ನು ನೋಡಲು ಕಾನೂನು ಪದವಿ ಬೇಡ, ಕಣ್ಣು ಇದ್ದರೆ ಸಾಕು.

ಕ್ಯಾಮೆರಾ ವಿಷಯವೂ ಹಾಗೇ. 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಠಾಣೆಗಳಲ್ಲೂ ಸಿಸಿಟಿವಿ ಬೇಕು, ಲಾಕಪ್ಪು, ಕಾರಿಡಾರು, ಬಾಗಿಲು ಎಲ್ಲ ಕಾಣಬೇಕು, ಮಾತೂ ಕೇಳಿಸಬೇಕು, 18 ತಿಂಗಳ ದೃಶ್ಯ ಉಳಿಯಬೇಕು ಎಂದಿತು. ಇದನ್ನು ನೋಡಿಕೊಳ್ಳಲು ಜಿಲ್ಲಾ ಮೇಲ್ವಿಚಾರಣಾ ಸಮಿತಿ ಇರಬೇಕು, ಅದರಲ್ಲಿ ಅಧಿಕಾರಿಗಳ ಜೊತೆ ನಗರದ ಮೇಯರ್ ಅಥವಾ ಹಳ್ಳಿ ಭಾಗದಲ್ಲಿ ಜಿಲ್ಲಾ ಪಂಚಾಯತಿ ಅಧ್ಯಕ್ಷರು ಕೂರಬೇಕು ಎಂದೂ ಹೇಳಿತು. ನಮ್ಮಲ್ಲಿ 2021ರಲ್ಲಿ ಜಿಲ್ಲಾ ಪಂಚಾಯತಿಗಳ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ಮಾಡಲಿಲ್ಲ. ಅಧ್ಯಕ್ಷರೇ ಇಲ್ಲದಿದ್ದರೆ ಸಮಿತಿಯಲ್ಲಿ ಜನರ ಪರವಾಗಿ ಕೂರುವವರು ಯಾರು? ಮಿಕ್ಕವರೆಲ್ಲ ಅಧಿಕಾರಿಗಳು. ಜನರ ಕುರ್ಚಿ ಖಾಲಿ.

ಈಗ ಎಲ್ಲಕ್ಕಿಂತ ಕಷ್ಟದ ವಿಷಯಕ್ಕೆ ಬರ್ತೀನಿ. ಆಯೋಗದಲ್ಲಿ ಯಾರು ಇರಬೇಕು? ಇದನ್ನು ಸರಿ ಮಾಡದಿದ್ದರೆ ಮಿಕ್ಕಿದ್ದೆಲ್ಲ ದಂಡ. ಶಾಸಕರ ಕೈಗೆ ಕೊಟ್ಟರೆ ಪಕ್ಷದ ಹುಡುಗರು ಬರುತ್ತಾರೆ. ಇನ್‌ಸ್ಪೆಕ್ಟರ್ ಕೈಗೆ ಕೊಟ್ಟರೆ ಠಾಣೆಗೆ ಪೇಂಟ್ ಹೊಡೆಸಿಕೊಟ್ಟವರು ಬರುತ್ತಾರೆ. 'ಗಣ್ಯರು' ಎಂದರೆ ನನ್ನಂಥ ಬಿಳಿ ಶರಟಿನ ನಿವೃತ್ತರೇ ತುಂಬಿಕೊಳ್ಳುತ್ತಾರೆ, ನಮಗೆ ಲಾಕಪ್ಪಿನ ಬಗ್ಗೆ ಏನು ಗೊತ್ತು? ನನಗೆ ತೋಚುವುದು ಹೀಗೆ. ಆಸಕ್ತಿ ಇರುವವರು ಅರ್ಜಿ ಹಾಕಲಿ, ಅದರ ಜೊತೆಗೆ ಮತದಾರರ ಪಟ್ಟಿಯಿಂದಲೂ ಒಂದಷ್ಟು ಹೆಸರು ತೆಗೆಯಲಿ, ಆಮೇಲೆ ಎಲ್ಲರ ಎದುರು ಚೀಟಿ ಎತ್ತಲಿ. ಅರ್ಧ ಜನ ಹೆಂಗಸರಿರಲಿ. ಪಕ್ಷದ ಹುದ್ದೆಯಲ್ಲಿರುವವರು, ಪೊಲೀಸ್ ಇಲಾಖೆಯಲ್ಲಿ ಇರುವವರು ಮತ್ತು ಇದ್ದವರು, ಗಂಭೀರ ಕೇಸಿನಲ್ಲಿ ಶಿಕ್ಷೆ ಆದವರು ಬೇಡ. ಎರಡು ವರ್ಷ ಅವಧಿ, ಮತ್ತೆ ಅವರೇ ಬೇಡ. ಕಚೇರಿಯನ್ನು ಎಸ್‌ಪಿ ಆಫೀಸಿನಲ್ಲಿ ಇಡಬೇಡಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಜೊತೆ ಇಡಿ. ಅದಕ್ಕೆ ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರು, ತಾಲ್ಲೂಕು ಮಟ್ಟದಲ್ಲೂ ಸಮಿತಿಗಳಿವೆ, ಹೊಸ ಕಟ್ಟಡ ಹೊಸ ಕಾರು ಏನೂ ಬೇಡ.

ಇದರಿಂದ ಪೊಲೀಸರ ಸ್ಥೈರ್ಯ ಕುಗ್ಗುತ್ತದೆ ಎನ್ನುವವರು ಇದ್ದೇ ಇರುತ್ತಾರೆ. ಅವರಿಗೆ 2016ರ ಜೂನ್ 4 ನೆನಪಿಸುತ್ತೇನೆ. ಆವತ್ತು ನಮ್ಮ ರಾಜ್ಯದ ಪೊಲೀಸ್ ಸಿಬ್ಬಂದಿ ಸಾಮೂಹಿಕ ರಜೆ ಹಾಕುತ್ತೇವೆ ಎಂದು ಹೊರಟಿದ್ದರು. ಸಂಬಳ ಕಡಿಮೆ, ವಾರದ ರಜೆ ಇಲ್ಲ, ಮೇಲಧಿಕಾರಿಗಳ ಕಾಟ, ಹೇಳಿಕೊಳ್ಳಲು ಸಂಘವೂ ಇಲ್ಲ. ಆಮೇಲೆ ಹಿರಿಯ ಪೊಲೀಸ್ ಅಧಿಕಾರಿ ಔರಾದ್ಕರ್ ಅವರ ಸಮಿತಿ ಮಾಡಿ ಸಂಬಳದ ವಿಷಯ ನೋಡಿದರು. ಆದರೆ ಬಂದೋಬಸ್ತಿಗೆ ಅಂತ ಹೋದ ಪೇದೆಗೆ ಇವತ್ತಿಗೂ ಊಟ ಎಷ್ಟು ಗಂಟೆಗೆ ಸಿಗುತ್ತೆ ಅಂತ ಯಾರಾದರೂ ಕೇಳ್ತಾರಾ? ಮಹಿಳಾ ಸಿಬ್ಬಂದಿಗೆ ರಸ್ತೆ ಬದಿಯಲ್ಲಿ ಶೌಚಾಲಯ ಎಲ್ಲಿ? ಠಾಣೆಯ ಜೀಪಿಗೆ ಡೀಸೆಲ್ ಸಾಲುತ್ತಾ? ಅವರೇ ಬಾಯಿಬಿಟ್ಟರೆ ಶಿಸ್ತು ಉಲ್ಲಂಘನೆ ಆಗುತ್ತದೆ. ಅದೇ ಮಾತನ್ನು ಊರಿನ ಆಯೋಗ ಬರೆದರೆ ಸರ್ಕಾರ ಉತ್ತರ ಕೊಡಬೇಕಾಗುತ್ತದೆ. ಈ ಆಯೋಗದಿಂದ ಮೊದಲು ಲಾಭ ಆಗೋದು ಪೇದೆಗಳಿಗೇ ಅಂತ ನನಗೆ ಅನ್ನಿಸುತ್ತದೆ, ಹಿರಿಯ ಅಧಿಕಾರಿಗಳಿಗೆ ಇದು ಹಿಡಿಸದಿದ್ದರೆ ಅದಕ್ಕೂ ಅದೇ ಕಾರಣ ಇರಬಹುದು.

ರಾಜಕೀಯ ನುಗ್ಗುತ್ತದೆ ಎಂಬ ಮಾತಿಗೆ ಮಾತ್ರ ನಗು ಬರುತ್ತದೆ. ಶಾಸಕರ ಶಿಫಾರಸು ಪತ್ರ ಇಲ್ಲದೆ ಒಂದು ಒಳ್ಳೆಯ ಠಾಣೆಗೆ ಇನ್‌ಸ್ಪೆಕ್ಟರ್ ಆಗಿ ಬರೋದು ಎಷ್ಟು ಕಷ್ಟ ಅಂತ ಚಹಾ ಅಂಗಡಿಯಲ್ಲಿ ಕೇಳಿದರೂ ಹೇಳುತ್ತಾರೆ.

ಬಾಂಬು, ಗುಂಡು, ಧರ್ಮದ ಜಗಳದಲ್ಲಿ ಬೆಂದುಹೋಗಿದ್ದ ಉತ್ತರ ಐರ್ಲೆಂಡಿನಲ್ಲೇ ಇಂಥದ್ದು ನಡೆಯಿತು. ಪೊಲೀಸ್ ಸುಧಾರಣೆಯ ಬಗ್ಗೆ ಬಂದ 1999ರ ಪ್ಯಾಟನ್ ವರದಿಯ ನಂತರ 2001ರಲ್ಲಿ ಅಲ್ಲಿ 19 ಜನರ ಪೊಲೀಸ್ ಮಂಡಳಿ ಬಂತು, ಹತ್ತು ಜನ ಶಾಸಕರು, ಒಂಬತ್ತು ಜನ ಸ್ವತಂತ್ರರು, ಪೊಲೀಸ್ ಮುಖ್ಯಸ್ಥರು ಅವರ ಮುಂದೆ ಕೂತು ಉತ್ತರ ಕೊಡಬೇಕು. ಒಬ್ಬರ ಮುಖ ಒಬ್ಬರು ನೋಡದಿದ್ದ ಜನ ಒಂದೇ ಮೇಜಿಗೆ ಬಂದರು. ನಮ್ಮದು ಅಷ್ಟೆಲ್ಲ ಕೆಟ್ಟಿಲ್ಲ, ಅಲ್ವಾ?

ಒಂದೇ ಸಲ 31 ಜಿಲ್ಲೆಯಲ್ಲೂ ಮಾಡಿ ಎಂದು ಕೇಳುತ್ತಿಲ್ಲ. ಎರಡು ಮೂರು ಉಪವಿಭಾಗದಲ್ಲಿ ಎರಡು ವರ್ಷ ಮಾಡಿ ನೋಡಲಿ. ಗೃಹ ಇಲಾಖೆಗೆ ಇದನ್ನೇ ಪತ್ರ ಬರೆದೆ. 'ಮುಂದಿನ ಕ್ರಮಕ್ಕಾಗಿ ರವಾನಿಸಲಾಗಿದೆ' ಎಂದು ಒಂದು ಸಾಲಿನ ಉತ್ತರ ಬಂತು, ಯಾರಿಗೆ ರವಾನೆ ಎಂದು ಇರಲಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಆಯೋಗ ಬಂದರೆ ಚೀಟಿ ಎತ್ತುವ ಡಬ್ಬಿಗೆ ನನ್ನ ಹೆಸರೂ ಹಾಕಲಿ, ಬೇಡ ಎನ್ನಲ್ಲ. ಆದರೆ ಅದಕ್ಕೆ ಮುಂಚೆ ಆ ಹುಡುಗನ ಅಮ್ಮನ ಹೆಸರು ಬೀಳಬೇಕು. ಆ ರಾತ್ರಿ ನಾನು ಒಂದು ಗಂಟೆ ನಿಂತು ವಾಪಸ್ ಬಂದೆ. ಅವರು ಬೆಳಗಿನವರೆಗೂ ಠಾಣೆಯ ಮೆಟ್ಟಿಲ ಮೇಲೇ ಕೂತಿದ್ದರು. ಯಾವ ಜೀಪು ಎಷ್ಟು ಹೊತ್ತಿಗೆ ಬಂತು, ಒಳಗಿನ ದೀಪ ಯಾವಾಗ ಆರಿತು, ರೈಟರ್ ಎಷ್ಟು ಗಂಟೆಗೆ ಬಂದು ಪುಸ್ತಕ ತೆಗೆದರು ಎಂದು ಕೇಳಿ ನೋಡಿ, ಮೂರು ವರ್ಷವಾದರೂ ನಿಮಿಷ ತಪ್ಪದೆ ಹೇಳುತ್ತಾರೆ.

ಇಂತಿ,
ನಿಮ್ಮ ಹಳೆಯ ಓದುಗ, ಒಬ್ಬ ನಿವೃತ್ತ ಶಿಕ್ಷಕ