ಕರ್ಲರ್ ಆಫ್ ಮಾಡು ಅಂದಿದ್ದಕ್ಕೆ

ಪುಟ್ಟೀ,

ನಿನ್ನೆ ವಿಡಿಯೊ ಕಾಲ್‌ನಲ್ಲಿ ನೀನು ಗೊಂಬೆಯ ಕೂದಲಿಗೆ ನಿನ್ನ ಹೇರ್ ಕರ್ಲರ್ ಹಿಡಿದದ್ದು ನೋಡಿ ನಾನು ಹಾಗೆ ಕಿರುಚಬಾರದಿತ್ತು. ನಿನ್ನ ಮಗಳು ಚಿನ್ನು ಹೆದರಿ ಗೊಂಬೆ ಬಿಟ್ಟು ಓಡಿದ್ದು ನೋಡಿದೆ. ನೀನು "ಅವತ್ತಿನ ಥರಾನೇ ಶುರು ಮಾಡಿದ್ರಿ ಅಪ್ಪಾ" ಅಂದು ಫೋನ್ ಇಟ್ಟೆ. ನಾನು ಊಟಾನೇ ಮಾಡಲಿಲ್ಲ ಅಂತ ನಿಮ್ಮಮ್ಮ ಹೇಳಿರುತ್ತಾಳೆ. ಸುಳ್ಳು, ಎರಡು ಮುದ್ದೆ ತಿಂದೆ. ನಿದ್ದೆ ಮಾತ್ರ ಬರಲಿಲ್ಲ.

ಆದರೆ ಕರ್ಲರ್ ಆಫ್ ಮಾಡು ಅಂದಿದ್ದು ತಪ್ಪಲ್ಲ ಕಣಮ್ಮ. ನೀನು ಬಳಸುವ ಕರ್ಲರ್ 150ರಿಂದ 200 ಡಿಗ್ರಿಯವರೆಗೂ ಕಾಯುತ್ತದೆ. ಗೊಂಬೆಯ ಕೂದಲು ಬರೀ ಪ್ಲಾಸ್ಟಿಕ್ ಎಳೆ. ಕೆಲವಕ್ಕೆ ನೈಲಾನ್ ಇಲ್ಲವೇ ಸರಾನ್, ಅಗ್ಗದವಕ್ಕೆ ಪಾಲಿಪ್ರೊಪಿಲೀನ್, ಅಂದರೆ ನಾವು ಬಕೆಟ್ ಮಾಡಲು ಹಾಕುತ್ತಿದ್ದ ಪಿಪಿ. ಅದು 160-165 ಡಿಗ್ರಿಗೇ ಕರಗುತ್ತದೆ. ಪೀಣ್ಯದಲ್ಲಿ ಮೋಲ್ಡಿಂಗ್ ಮಶೀನ್ ಮುಂದೆ 22 ವರ್ಷ ನಿಂತವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಿನ್ನ ಏಳನೇ ವಯಸ್ಸಿನಲ್ಲಿ ನಿನಗೊಂದು ಮಾತು ಹೇಳಿರಲಿಲ್ಲ. ಅವತ್ತು ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದ್ದೆ. ನಿದ್ದೆಯಲ್ಲೇ ಆ ವಾಸನೆ ಬಂತು. ಮಶೀನ್ ಬ್ಯಾರಲ್‌ನಲ್ಲಿ ಮಾಲು ಸುಡುತ್ತಿದೆ, ಹೀಟರ್ ಆಫ್ ಮಾಡಬೇಕು ಅಂತ ಕನಸಿನಲ್ಲೇ ಸ್ವಿಚ್ ಹುಡುಕುತ್ತಿದ್ದೆ. ಎಷ್ಟು ಹೊತ್ತು ಹುಡುಕಿದೆನೋ! ಎದ್ದು ನೋಡಿದರೆ ಇಸ್ತ್ರಿ ಪೆಟ್ಟಿಗೆ, ಅರ್ಧ ಕೂದಲು ಹೋದ ಗೊಂಬೆ, ನಿನ್ನ ಬೆರಳಿಗೆ ಅಂಟಿದ ಕಪ್ಪು ಪ್ಲಾಸ್ಟಿಕ್. ನೀನು ಅಳುತ್ತಿರಲಿಲ್ಲ. ನಾನು ಹೊಡೆದ ಮೇಲೇ ಅತ್ತಿದ್ದು.

ಮೊದಲು ಹೊಡೆದೆ, ಆಮೇಲೆ ಬೆರಳು ನೋಡಿದೆ. ಈ ಮೂವತ್ತು ವರ್ಷದಲ್ಲಿ ನನ್ನನ್ನು ಕೊರೆದಿರುವುದು ಆ ಏಟಿಗಿಂತ ಈ ಹಿಂದುಮುಂದು. ಅಂಟಿದ್ದನ್ನು ಕಿತ್ತು, ಅದರ ಮೇಲೆ ಟೂತ್‌ಪೇಸ್ಟ್ ಬೇರೆ ಬಳಿದೆ. ಎರಡೂ ತಪ್ಪು. ಸುಟ್ಟ ಜಾಗವನ್ನು 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಬೇಕು, ಐಸ್ ಇಡಬಾರದು, ಅಂಟಿದ ಪ್ಲಾಸ್ಟಿಕ್ ಕೀಳದೆ ಡಾಕ್ಟರ ಹತ್ತಿರ ಹೋಗಬೇಕು. ನೋಡು, ಕ್ಷಮೆ ಕೇಳಲು ಕೂತವನು ಮತ್ತೆ ಪಾಠ ಶುರು ಮಾಡಿದೆ.

ಮಾಡಿದ ಮೇಲೆ ಪೂರ್ತಿ ಕೇಳಿಬಿಡು. ಗೊಂಬೆಗೆ ಬಿಸಿನೀರೇ ಸಾಕು. ಕೂದಲು ಒದ್ದೆ ಮಾಡಿ, ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ, ಸಣ್ಣ ಸಣ್ಣ ಪಾಲು ಮಾಡಿ ಕಡ್ಡಿಗೆ ಸುತ್ತಿ ದಾರ ಕಟ್ಟಬೇಕು. ಮೊದಲಾದರೆ ಎಳನೀರು ಅಂಗಡಿಯ ಸ್ಟ್ರಾ ಆಗುತ್ತಿತ್ತು, ಪ್ಲಾಸ್ಟಿಕ್ಕಿನದು 2022ರ ಜುಲೈಯಿಂದ ಬಂದ್, ಪೇಪರಿನದು ನೀರಿಗೆ ಮುದ್ದೆಯಾಗುತ್ತದೆ. ಹಾಗಾಗಿ ಬಿದಿರು ಕಡ್ಡಿಯ ಚೂಪು ತುದಿ ಕತ್ತರಿಸಿ ಉಜ್ಜಿ ಇಟ್ಟಿದ್ದೇನೆ. ನೀರು ಕೊತಕೊತ ಕುದಿಯಬಾರದು. ತಳದಲ್ಲಿ ಗುಳ್ಳೆ ಏಳುವಾಗಲೇ ಇಳಿಸಿ, ಲೋಟಕ್ಕೆ ಹಾಕಿ, ಗೊಂಬೆಯನ್ನು ತಲೆಕೆಳಗು ಹಿಡಿದು ಕೂದಲನ್ನಷ್ಟೇ ಅದ್ದು. ಮುಖಕ್ಕೆ ಬೇಡ, ತಲೆಯೊಳಗೆ ನೀರು ನಿಂತರೆ ಬೂಷ್ಟು ಹಿಡಿಯುತ್ತದೆ. ಹತ್ತು ಹದಿನೈದು ಸೆಕೆಂಡ್ ಬಿಟ್ಟು ತಣ್ಣೀರಿಗೆ. ಮೋಲ್ಡಿಂಗ್‌ನಲ್ಲೂ ಇದೇ ಗುಟ್ಟು, ಆಕಾರ ನಿಲ್ಲುವುದು ತಣ್ಣಗಾಗುವಾಗ. ರಾತ್ರಿಯಿಡೀ ಒಣಗಲಿ, ಅವಸರಕ್ಕೆ ಬಿಚ್ಚಿದರೆ ಸುರುಳಿ ಜಾರುತ್ತದೆ. ಪಿಪಿ ಕೂದಲಾದರೆ ಸುರುಳಿ ಜಾಸ್ತಿ ದಿನ ನಿಲ್ಲುವುದಿಲ್ಲ, ಚಿನ್ನುಗೆ ಮೊದಲೇ ಹೇಳಿರು.

ನೀರು ನೀನೇ ಹಾಕು. ಅವಳು ಕಡ್ಡಿ ಸುತ್ತಲಿ, ದಾರ ಕಟ್ಟಲಿ. 60 ಡಿಗ್ರಿ ನೀರು ಸಾಕು ಮಕ್ಕಳ ಚರ್ಮ ಕ್ಷಣದಲ್ಲಿ ಬೇಯಲು, ಇದು ಅದಕ್ಕಿಂತ ಬಿಸಿ. ನಿನಗೆ ಗೊತ್ತು, ನನಗಿಂತ ಒಳ್ಳೆ ತಾಯಿ ನೀನು. ಆಫೀಸು, ಮನೆ, ಮಗು ಅಂತ ಒದ್ದಾಡಿಕೊಂಡೂ ಅವಳ ಜೊತೆ ನೆಲದ ಮೇಲೆ ಕೂತಿದ್ದೆಯಲ್ಲ ನಿನ್ನೆ, ಅದನ್ನು ಹೇಳಬೇಕಿತ್ತು. ನಾನು ಕರ್ಲರ್ ಮಾತ್ರ ನೋಡಿದೆ.

ನಿನ್ನ ಹಳೇ ಗೊಂಬೆ ಅಟ್ಟದಲ್ಲಿತ್ತು. ಅದರ ಸುಟ್ಟ ಕಡೆಗೆ ನಿನ್ನ ಕರ್ಚೀಫ್ ಇನ್ನೂ ಕಟ್ಟಿಯೇ ಇದೆ. ನಿದ್ದೆ ಬರಲಿಲ್ಲ ಅಂದೆನಲ್ಲ, ರಾತ್ರಿ ಎರಡು ಗಂಟೆಗೆ ಉಳಿದರ್ಧ ಕೂದಲನ್ನು ಕಡ್ಡಿಗೆ ಸುತ್ತಿ ನೋಡಿದೆ. ಬೆಳಿಗ್ಗೆ ಬಿಚ್ಚಿದೆ. ನಿಂತಿದೆ ಕಣೇ ಸುರುಳಿ. ಶನಿವಾರ ಮೈಸೂರಿಗೆ ಬರುತ್ತೇನೆ, ಕಡ್ಡಿ ತರುತ್ತೇನೆ. ಗೊಂಬೆಯನ್ನೂ ತರಲಾ, ಬೇಡವಾ?

ನಿನ್ನಪ್ಪ